ಅತ್ತೆಯ ತಲೆ ಅಲುಗದ ಇಪ್ಪತ್ತು ನಿಮಿಷ

ಅತ್ತೆಗೆ ‘ಸುಮ್ಮನೆ ಬಿದ್ದಿರಿ’ ಎಂದು ಹೇಳುವ ಭಾಗ್ಯ ಎಷ್ಟು ಸೊಸೆಯರಿಗೆ ಸಿಗುತ್ತದೆ? ನನಗೆ ಸಿಕ್ಕಿತು, ಅದೂ ಸಂಬಳದ ಜೊತೆಗೆ. ಬೀದರಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ನಾನು ಎಂಆರ್‌ಐ ಯಂತ್ರ ನಡೆಸುತ್ತೇನೆ. ಅತ್ತೆ ಔರಾದದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿ ನಿವೃತ್ತರಾದ ಟೀಚರ್. ಈಗ ಚಿದ್ರಿಯ ನಮ್ಮ ಮನೆಯಲ್ಲಿ ನನಗೆ ಪಾಠ ಮಾಡುತ್ತಾರೆ.

ಕಳೆದ ಚಳಿಗಾಲ ಭಾಲ್ಕಿಯಲ್ಲಿ ಮದುವೆ ಊಟದ ಪಂಕ್ತಿಯಲ್ಲೇ ಅವರಿಗೆ ಫಿಟ್ಸ್ ಬಂತು. ಸ್ಕ್ಯಾನ್ ಮಾಡಿದರೆ ಮಿದುಳಿನೊಳಗೆ ನೆಲ್ಲಿಕಾಯಿಯಷ್ಟು ಗಂಟು. ಕ್ಯಾನ್ಸರೋ ಟಿಬಿಯೋ, ಚಿತ್ರ ನೋಡಿ ಹೇಳಲಾಗದು ಎಂದರು ನಮ್ಮ ಡಾಕ್ಟರ್. ತಲೆ ಕೊರೆದು ಗಂಟಿನ ಚೂರು ತೆಗೆದು ಪರೀಕ್ಷಿಸುವ ಮೊದಲು ಇನ್ನೊಂದು ಬಗೆಯ ಸ್ಕ್ಯಾನ್ ಮಾಡೋಣ ಎಂದರು. ಸಾದಾ ಸ್ಕ್ಯಾನ್ ಮಿದುಳಿನ ನೀರನ್ನು ನೋಡುತ್ತದೆ. ಇದು ಜೀವಕೋಶಗಳೊಳಗಿನ ಸಣ್ಣಸಣ್ಣ ರಾಸಾಯನಿಕಗಳಲ್ಲಿ ಯಾವುದು ಎಷ್ಟಿದೆ, ಎಷ್ಟು ದೂರ ಸರಿದಾಡುತ್ತಿದೆ ಎಂದು ಅಳೆಯುತ್ತದೆ. ಅವು ಸರಿಯುವುದು ಕೂದಲೆಳೆಯ ದಪ್ಪಕ್ಕಿಂತ ಕಡಿಮೆ. ತಲೆ ಚೂರು ಅಲುಗಿದರೂ ಎಲ್ಲ ಗೋತಾ.

ಹಿರಿಯರನ್ನು ಯಂತ್ರದೊಳಗೆ ಮಲಗಿಸಿ ವಿಚಾರಿಸದೆ ಕೂರುವುದು ನಮ್ಮ ಕಡೆ ಮರ್ಯಾದೆಯಲ್ಲ. ಎರಡು ನಿಮಿಷಕ್ಕೊಮ್ಮೆ ಹೊರಗಿನ ಕೋಣೆಯಿಂದ ಮೈಕಿನಲ್ಲಿ ಕೇಳಿದೆ, “ಅತ್ತಿ, ಆರಾಮ ಇದ್ದೀರೇನ್ರಿ?” ಕೇಳಿದ್ದಕ್ಕೆ ಜವಾಬು ಕೊಡದಿರುವುದೂ ಮರ್ಯಾದೆಯಲ್ಲ. ಅತ್ತೆ ಪ್ರತಿ ಸಲ ತಲೆಯಾಡಿಸಿ “ಹೂಂ” ಎಂದರು. “ತಲಿ ಅಲಗಾಡಸಬ್ಯಾಡ್ರಿ” ಎಂದರೆ ಅದಕ್ಕೂ ತಲೆಯಾಡಿಸಿದರು. ಎರಡು ಸಲ ಸ್ಕ್ಯಾನ್ ಹಾಳಾಯಿತು. ಡಾಕ್ಟರ್ ನನ್ನನ್ನೇ ಬೈದರು: “ಆ ಮೈಕ್ ಮುಟ್ಟಬ್ಯಾಡ. ಇದೂ ಕೆಟ್ರ ತಲಿ ಕೊರಿಯೋದೇ ಗತಿ.”

ಒಳಗೆ ಹೋಗಿ ಹೇಳಿದೆ, “ಅತ್ತಿ, ಇನ್ ನಾ ಏನೂ ಕೇಳಂಗಿಲ್ರಿ. ನೀವೂ ಜವಾಬ್ ಕೊಡಬ್ಯಾಡ್ರಿ.”

“ಹಂಗಂದ್ರ ನೀ ಅಲ್ಲೇ ಇದ್ದಿ ಅಂತ ನನಗ ಹ್ಯಾಂಗ ಗೊತ್ತಾಗ್ಬೇಕು?”

“ನಾ ಎಲ್ಲಿಗೂ ಹೋಗಂಗಿಲ್ರಿ.”

ಇಪ್ಪತ್ತು ನಿಮಿಷ. ಮದುವೆಯಾದಾಗಿನಿಂದ ನಾವಿಬ್ಬರೂ ಒಟ್ಟಿಗೆ ಸುಮ್ಮನಿದ್ದದ್ದು ಅದೇ ಮೊದಲು. ಕೈ ಮೈಕಿನ ಕಡೆ ಹೋಗದಿರಲೆಂದು ತೊಡೆಯ ಕೆಳಗಿಟ್ಟುಕೊಂಡು ಕೂತೆ.

ಈ ಸಲ ಪರದೆಯ ಮೇಲೆ ಆ ರಾಸಾಯನಿಕಗಳ ಗ್ರಾಫಿನ ಗೆರೆಗಳು ಸ್ವಚ್ಛ ಬಂದವು. ಡಾಕ್ಟರ್ ಹಿಂದಿನ ಚಿತ್ರಗಳ ಜೊತೆ ಇಟ್ಟು ಬಹಳ ಹೊತ್ತು ನೋಡಿದರು. “ಕ್ಯಾನ್ಸರಿನ ಗುರುತಿಲ್ಲ. ಟಿಬಿ ಗಂಟೇ ಇದು. ಗುಳಿಗಿ ಶುರು ಮಾಡೋಣ,” ಎಂದರು.

ನಾನು ಒಳಗೆ ಓಡಿದೆ. “ಕ್ಯಾನ್ಸರ್ ಅಲ್ರೀ ಅತ್ತಿ, ಟಿಬಿ,” ಎಂದೆ, ಮಿಠಾಯಿ ಹಂಚುವವಳ ಹಾಗೆ.

“ಸ್ತೋತ್ರ ಸ್ವಾಮಿ,” ಎಂದರು ಅತ್ತೆ. ಟಿಬಿ ಬಂದದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಮೆಲ್ಲಗೆ ಎದ್ದು ಕೂತು ನನ್ನ ಮುಖ ನೋಡಿದರು.

“ನೀ ಯಾಕ ಅಳ್ತಿ? ನಾ ಹೋಗಿದ್ರ ಅಡಗಿಮನಿ ಪೂರಾ ನಿಂದೇ ಆಗ್ತಿತ್ತಲ್ಲ.”

“ನನಗೊಬ್ಬಾಕಿಗೇ ಬ್ಯಾಡ್ರಿ ಅದು,” ಎಂದೆ.