ಅಳಿಯ ಕಾರ್ಡು ಬಿಟ್ಟುಕೊಟ್ಟದ್ದು

ಅಮೆರಿಕದ ಜಾನ್ಸ್ ಕ್ರೀಕ್‌ನಲ್ಲಿ ನನ್ನ ಅಳಿಯ ಹೆಣ್ಣುಮಕ್ಕಳ ಫುಟ್‌ಬಾಲ್ ಟೀಮಿಗೆ ಹೆಡ್ ಕೋಚ್ ಆದ. ಸಂಬಳವಿಲ್ಲದ ಕೆಲಸ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವವನು ಶನಿವಾರ ಬೆಳಿಗ್ಗೆ ಕೊರಳಿಗೆ ಸೀಟಿ ಹಾಕಿಕೊಂಡು ಹೊರಡುತ್ತಿದ್ದ. ಮೊಮ್ಮಗಳು ಅದೇ ಟೀಮಿನಲ್ಲಿ ಚೆಂಡು ಎಸೆಯುವವಳು. ಇದು ನಮ್ಮ ಕಡೆಯ ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಲ್ಲಿನವರ ಆಟ. ಆದರೆ ಹುಡುಗಿಯರ ಈ ಆಟದಲ್ಲಿ ಯಾರೂ ಯಾರ ಮೇಲೂ ಬೀಳುವುದಿಲ್ಲ. ಸೊಂಟಕ್ಕೆ ಬಟ್ಟೆಪಟ್ಟಿ ಸಿಕ್ಕಿಸಿಕೊಂಡು ಓಡುತ್ತಾರೆ, ಎದುರಿನವರು ಪಟ್ಟಿ ಕಿತ್ತರೆ ಓಟ ಮುಗಿಯಿತು. ನನಗೆ ಅಷ್ಟು ತಿಳಿದರೆ ಸಾಕಾಗಿತ್ತು. ಮಡಚುವ ಕುರ್ಚಿ ಹಾಕಿಕೊಂಡು ಗೆರೆಯ ಪಕ್ಕ ಕೂರುತ್ತಿದ್ದೆ.

ಪ್ರತಿ ಸಲ ಚೆಂಡು ಎಸೆಯುವ ಮುಂಚೆ ಯಾರು ಎಲ್ಲಿಗೆ ಓಡಬೇಕೆಂದು ಒಬ್ಬರು ಹೇಳಬೇಕು. ಅದಕ್ಕೆ ಪ್ಲೇ ಕಾಲ್ ಅನ್ನುತ್ತಾರೆ. ಅಳಿಯ ಅದನ್ನು ಯಾರಿಗೂ ಬಿಡುತ್ತಿರಲಿಲ್ಲ. ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಕಾರ್ಡು, ಅದರ ತುಂಬ ಬಾಣದ ಗುರುತು. ಇವನ ಮುಖ ಯಾವಾಗಲೂ ಅದರೊಳಗೇ. ಕಾಲೇಜಿನಲ್ಲಿ ಆಡಿದ್ದ ಎದುರುಮನೆ ಹೆಂಗಸು ಸಹಾಯಕ್ಕಿದ್ದಳು. ಅವಳಿಗೆ ನೀರಿನ ಬಾಟಲಿ ತುಂಬುವ ಕೆಲಸ ಕೊಟ್ಟಿದ್ದ.

ಅವನ ಇನ್ನೊಂದು ಜಾಣತನ ಕೇಳಿ. ಎದುರು ಟೀಮಿಗೆ ತಿಳಿಯಬಾರದೆಂದು ಕನ್ನಡದಲ್ಲಿ ಕೂಗುತ್ತಿದ್ದ. "ಎಡಕ್ಕೆ, ಉದ್ದ." "ಬಲಕ್ಕೆ, ಗಿಡ್ಡ." ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಉಳಿದ ಹುಡುಗಿಯರಿಗೆ ಪಿಸುಗುಟ್ಟಬೇಕು. ಅವಳ ಕನ್ನಡ ಅಷ್ಟಕ್ಕಷ್ಟೆ. ತಪ್ಪಾದರೆ ಬೈಗುಳ ಅವಳಿಗೇ.

ಸೋತು ಬಂದ ಒಂದು ಶನಿವಾರ ಶೂ ಬಿಚ್ಚದೆ ಬಂದು ನನ್ನ ಮಂಚದ ಮೇಲೆ ಕೂತಳು.

"ಅಜ್ಜಿ, ಐಯಾಮ್ ಡನ್. ಅಪ್ಪ ಪ್ಲೇ ಕಾಲ್ ಮಾಡಿದ್ರೆ ನಾನ್ ಆಡಲ್ಲ. ನೆಕ್ಸ್ಟ್ ವೀಕ್ ಲಾಸ್ಟ್."

"ಅಪ್ಪನಿಗೆ ಹೇಳು."

"ಹಿ ವೋಂಟ್ ಲುಕ್ ಅಪ್."

ಅವಳಿಗೆ ಆ ಆಟ ಬಿಟ್ಟರೆ ಬೇರೆ ಹುಚ್ಚಿರಲಿಲ್ಲ. ಅದನ್ನೂ ಬಿಟ್ಟು ಮನೆಯಲ್ಲಿ ಕೂತರೆ ಅಪ್ಪ ಮಗಳು ಮಾತು ಬಿಡುತ್ತಾರೆ. ಇಬ್ಬರದೂ ಒಂದೇ ಮೊಂಡು.

ಮರುದಿನ ಅಳಿಯ ಟಿವಿ ಮುಂದೆ ಕೂತಿದ್ದ. ಕೋಟು ಹಾಕಿದ ನಾಲ್ವರು ಯಾವುದೋ ದೊಡ್ಡ ಟೀಮಿನ ವಿಷಯಕ್ಕೆ ಜಗಳಾಡುತ್ತಿದ್ದರು. ಹೆಡ್ ಕೋಚ್ ತಾನೇ ಪ್ಲೇ ಹೇಳಬೇಕೋ, ಕೈಕೆಳಗಿನವನಿಗೆ ಬಿಡಬೇಕೋ ಎಂದು.

"ಏನಂತಾರೆ?" ಎಂದು ಕೇಳಿದೆ.

"ಬಿಟ್ಕೊಡ್ಬೇಕಂತೆ ಅತ್ತೆ. ನಾನ್ಸೆನ್ಸ್. ಅವನ ಸ್ಟ್ರೆಂತೇ ಅದು. ಅದಕ್ಕೇ ತಾನೆ ಹೈರ್ ಮಾಡಿದ್ದು?"

ಅವನ ಮಾತೂ ಸುಳ್ಳಲ್ಲ. ಚೆನ್ನಾಗಿ ಬರುವ ಕೆಲಸವನ್ನು ಯಾರು ಬಿಡುತ್ತಾರೆ? ಆದರೆ ನಾನು ಮೈಸೂರಿನ ಮದುವೆ ಛತ್ರಗಳ ಅಡುಗೆಮನೆಯಲ್ಲಿ ಬಹಳ ವರ್ಷ ದುಡಿದವಳು. ನಮ್ಮ ಹಿರಿಯ ಅಡುಗೆಭಟ್ಟರ ಸಾರಿಗೆ ಜನ ಎರಡೆರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಆದರೂ ಪಂಕ್ತಿ ಕೂತ ಮೇಲೆ ಅವರು ಸೌಟು ಮುಟ್ಟುತ್ತಿರಲಿಲ್ಲ. ಹೆಗಲಿಗೆ ಟವಲ್ ಹಾಕಿಕೊಂಡು ಎಲೆಗಳ ನಡುವೆ ಓಡಾಡುತ್ತಿದ್ದರು. ಯಾರ ಎಲೆ ಬರಿದು, ಯಾರು ಪಲ್ಯ ಪಕ್ಕಕ್ಕೆ ಸರಿಸಿದ್ದಾರೆ, ನೋಡಿ ಬಂದು ನಮಗೆ ಹೇಳುವುದೇ ಅವರ ಕೆಲಸ.

"ಪಂಕ್ತಿ ಕೂತ ಮೇಲೆ ಭಟ್ಟರು ಸೌಟು ಹಿಡೀಬಾರದು ಕಣಪ್ಪ," ಅಂದೆ.

"ಇದು ಸಾರಲ್ಲ ಅತ್ತೆ."

"ಅಲ್ಲ. ಸಾರಾಗಿದ್ರೆ ನಿನ್ನೆ ಹಿಂಗೆ ಕೆಡ್ತಿರಲಿಲ್ಲ. ಆ ಟೀಮ್ ಕಡೆ ಹಸಿರು ಕುರ್ಚೀಲಿ ಒಬ್ರು ಕೂತಿದ್ರು, ನೋಡಿದ್ಯಾ?"

"ಯಾರು?"

"ಹುಬ್ಬಳ್ಳಿಯವರು. ನೀನು ಎಡಕ್ಕೆ ಅನ್ನೋಷ್ಟರಲ್ಲಿ ಅವರ ಮೊಮ್ಮಗಳು ಎಡಕ್ಕೇ ಹೋಗಿ ನಿಂತಿರ್ತಿದ್ಲು. ಬ್ರೇಕಲ್ಲಿ ನನ್ನ ಹತ್ರಾನೇ ಬಂದು ಹೇಳಿದ್ರು. 'ನಿಮ್ಮ ಅಳಿಯಾರ ದನಿ ಭಾಳ ಚಲೋ ಐತ್ರಿ, ನಮ್ಮ ಹುಡುಗಿಗೆ ಎಲ್ಲಾ ಕೇಳಸ್ತೈತಿ' ಅಂತ."

ಅಳಿಯ ಟಿವಿಯ ಸದ್ದು ನಿಲ್ಲಿಸಿದ. "ಆಗಲೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದೆ. ನೀನು ತಲೆ ಎತ್ತಲಿಲ್ಲ. ನಿನ್ನ ಮಗಳದ್ದೂ ಅದೇ ಮಾತು. ಹಿಂಗೇ ಆದ್ರೆ ಮುಂದಿನ ವಾರಕ್ಕೆ ಆಟ ಬಿಡ್ತಾಳಂತೆ."

ಸವರಿ ಹೇಳುವುದು ನನಗೆ ಬರುವುದಿಲ್ಲ. ಅವನು ಎದ್ದು ಹೋಗಿ ಕಸದ ಡಬ್ಬ ಹೊರಗಿಟ್ಟು ಬಂದ.

ಮುಂದಿನ ಶನಿವಾರ ಕಾರ್ಡು ಎದುರುಮನೆ ಹೆಂಗಸಿನ ಕೈಯಲ್ಲಿತ್ತು. ಅವಳು ಕೂಗಲೇ ಇಲ್ಲ. ಮೊಮ್ಮಗಳನ್ನು ಹತ್ತಿರ ಕರೆದು, ಕಿವಿಯಲ್ಲಿ ಹೇಳಿ ಕಳಿಸುತ್ತಿದ್ದಳು. ಅಳಿಯನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯದು. ಸೊಂಟದ ಮೇಲಿಟ್ಟ, ಜೇಬಿಗೆ ಹಾಕಿದ. ಒಮ್ಮೆ ತಡೆಯಲಾರದೆ ಕಾರ್ಡಿಗೆ ಕೈ ಚಾಚಿದ. ಅವಳು ಆ ಕೈಗೆ ನೀರಿನ ಬಾಟಲಿ ಕೊಟ್ಟಳು. ಆಮೇಲೆ ಗೆರೆಯ ಉದ್ದಕ್ಕೂ ನಡೆಯತೊಡಗಿದ. ಕುಂಟುತ್ತಿದ್ದ ಹುಡುಗಿಯೊಬ್ಬಳನ್ನು ಹೊರಗೆ ಕರೆದು ಕೂರಿಸಿದ. ಮೊಮ್ಮಗಳ ಎಸೆತವೊಂದು ದಿಕ್ಕು ತಪ್ಪಿ ಹೋಯಿತು. ಅವಳು ಬೈಗುಳಕ್ಕೆ ಸಿದ್ಧವಾಗಿ ಅಪ್ಪನ ಕಡೆ ತಿರುಗಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಚಪ್ಪಾಳೆ ತಟ್ಟಿದ.

ಅವತ್ತೂ ಸೋತರು, ಸ್ವಲ್ಪದರಲ್ಲಿ. ಕಾರ್ಡು ಕೈ ಬದಲಾದ ಮಾತ್ರಕ್ಕೆ ಹುಡುಗಿಯರ ಕಾಲು ಉದ್ದವಾಗುವುದಿಲ್ಲ.

ಕಾರಿನಲ್ಲಿ ಮೊಮ್ಮಗಳು ಕಿತ್ತಳೆ ತಿನ್ನುತ್ತಾ ಕೇಳಿದಳು, "ಅಪ್ಪ, ಟ್ಯೂಸ್‌ಡೇ ಪ್ರಾಕ್ಟೀಸ್ ಎಷ್ಟೊತ್ತಿಗೆ?"

"ಸಿಕ್ಸ್‌ಗೆ," ಅಂದ ಅವನು. ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿದ.

ನಾನು ಚಪ್ಪಲಿ ಬಿಚ್ಚಿ ಕಾಲು ಚಾಚಿದೆ. ವಾರದಿಂದ ಬಿಗಿಹಿಡಿದಿದ್ದ ಬೆನ್ನು ಆಗ ಸೀಟಿಗೆ ಒರಗಿತು.