ಕೈ ಕಮಲಾಬಾಯಿಯದು, ನಾಲಿಗೆ ತುಳಸವ್ವನದು

“ಅಲ್ರಿ ಅಜ್ಜಿ, ಒಂದ ದಿನಾನೂ ಕಳಲೆ ಬಾಯಾಗ ಹಾಕ್ಕೊಂಡಿಲ್ಲಂದ್ರ, ಕಹಿ ಹೋಗೇತಿ ಅಂತ ನಿಮಗ ಹೆಂಗ ಗೊತ್ತಾಗತೈತ್ರಿ?”

“ನನಗೆಲ್ಲಿ ಗೊತ್ತಾಗತೈತಿ? ಗೊತ್ತಾಗಿದ್ರ ಹೋದ ಸಲ ಖಾನಾವಳಿ ದಾನೇಶ್ವರಿ ಕಡೆ ಯಾಕ ಬೈಸಿಕೊಳ್ತಿದ್ದೆ?” ಕಮಲಾಬಾಯಿ ಬಗ್ಗಿದಲ್ಲಿಂದಲೇ ಹೇಳಿದರು. “ಮದಲ ಕಾಲ ತಗಿ. ನೀ ನಿಂತದ್ದು ಕಳಲೆ ಮ್ಯಾಲ.”

ಅನುಜಾ ಥಟ್ಟನೆ ಹಿಂದೆ ಸರಿದಳು. ಅವಳ ಕಣ್ಣಿಗೆ ಬರೀ ಮಣ್ಣು ಕಂಡಿತು, ಮಣ್ಣಿನಲ್ಲಿ ಒಂದು ಸಣ್ಣ ಬಿರುಕು, ಅಷ್ಟೇ. ಕಮಲಾಬಾಯಿ ಆ ಬಿರುಕಿಗೆ ಎರಡು ಬೆರಳು ಹಾಕಿ ಮಣ್ಣು ಕೆದರಿದರೆ, ಒಳಗೆ ಎಳೆಗರುವಿನ ಕೋಡಿನಂಥದೊಂದು ತುದಿ. ಅವರು ಸುತ್ತಲೂ ಕೈಯಿಂದಲೇ ತೋಡಿ, ಬುಡಕ್ಕೆ ಕುಡಗೋಲು ಒಮ್ಮೆ ಎಳೆದು, ಕಳಲೆಯನ್ನು ಬುಟ್ಟಿಗೆ ಹಾಕಿ, ಕುಳಿಯನ್ನು ಮತ್ತೆ ಮಣ್ಣಿನಿಂದ ಮುಚ್ಚಿಬಿಟ್ಟರು. ಬಿದಿರು ಅಂದರೆ ಏಣಿ, ಮಂಟಪ, ಬುಟ್ಟಿ ಎಂದಷ್ಟೇ ತಿಳಿದಿದ್ದ ಅನುಜಾಗೆ, ಅದು ನೆಲದೊಳಗೆ ಇಷ್ಟು ಮೆತ್ತಗೆ ಮಲಗಿರುತ್ತದೆ ಅನ್ನೋದೇ ಹೊಸ ಸಂಗತಿ.

ಮಿರಜ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿರುವ ಲಿಂಗಾಯತರ ಮನೆಯ ಹುಡುಗಿ ಅವಳು. ಕಾಲೇಜಿನ ಗೆಳತಿ ಋತುಜಾಳ ಜೊತೆ ಮಾಲಗಾಂವಕ್ಕೆ ಬಂದವಳು ಬಸ್ಸಿನಿಂದ ಇಳಿದಾಗಿನಿಂದ ಋತುಜಾಳ ಅಜ್ಜಿಯನ್ನು ಪ್ರಶ್ನೆ ಕೇಳುತ್ತಲೇ ಇದ್ದಳು. ಒಂದಕ್ಕೆ ಉತ್ತರ ಮುಗಿಯುವುದರೊಳಗೆ ಇನ್ನೊಂದು.

“ಮತ್ತ ಇವನ್ನ ಯಾಕ ಕೊಯ್ದಿಲ್ರಿ?” ಮೆಳೆಯ ನಡುವೆ ಆಳೆತ್ತರ ನಿಂತಿದ್ದ ಹೊಸ ಬಿದಿರುಗಳನ್ನು ತೋರಿಸಿದಳು.

“ಅವು ಪರ್ವದಾಗ ಬಂದಾವ. ನಮ್ಮ ಜೈನರ ಹತ್ತ ದಿನದ ದಶಲಕ್ಷಣ ಪರ್ವ ನಡದಾಗ ನಾ ಕುಡಗೋಲ ಮುಟ್ಟಾಂಗಿಲ್ಲ. ಆ ದಿನದಾಗ ತಲಿ ಎತ್ತಿದ್ದು ಬಿದರ ಆಗತೈತಿ, ಉಳದದ್ದು ಪಲ್ಯಾ ಆಗತೈತಿ. ಅದರದರ ಪುಣ್ಯಾ.”

ಕಮಲಾಬಾಯಿ ಕಾಗವಾಡದ ಕಡೆಯ ಜೈನರ ಮನೆಯಿಂದ ಸೊಸೆಯಾಗಿ ಬಂದಾಗ ಇಲ್ಲಿ ಮೆಳೆ ಇರಲಿಲ್ಲ. ಮಳೆಗಾಲದಲ್ಲಿ ಹಳ್ಳ ಹೊಲದ ದಂಡೆ ಕೊರೆಯುತ್ತದೆಂದು ಗಂಡ ನೇಮಿನಾಥ ಬಿದಿರು ನೆಟ್ಟರು. ಪಕ್ಕದ ಹೊಲದ ತುಳಸವ್ವ ಒಂದು ದಿನ ಬೇಲಿ ದಾಟಿ ಬಂದು, “ಇದರ ಮೊಳಕಿ ತಿಂತಾರ, ಗೊತ್ತೈತೇನ ನಿಮಗ?” ಎಂದಳು. ಗೊತ್ತಿರಲಿಲ್ಲ. ಗೊತ್ತಾದರೂ ಉಪಯೋಗವಿರಲಿಲ್ಲ. ನೆಲದೊಳಗಿನ ಗೆಡ್ಡೆ, ಮೊಳಕೆ ತಿನ್ನುವುದಿಲ್ಲ ಎಂದು ಕಮಲಾಬಾಯಿ ಹುಡುಗಿಯಾಗಿದ್ದಾಗಲೇ ಮುನಿಗಳ ಎದುರು ನೇಮ ಹಿಡಿದಿದ್ದರು. ಹೀಗಾಗಿ ಕೆಲಸ ಹಂಚಿಹೋಯಿತು. ಹುಡುಕಿ ಕೊಯ್ಯುವುದು, ಸಿಪ್ಪೆ ಬಿಡಿಸುವುದು, ಹೆಚ್ಚಿ ನೀರಲ್ಲಿ ನೆನೆಹಾಕಿ ದಿನವೂ ನೀರು ಬದಲಿಸುವುದು ಕಮಲಾಬಾಯಿ. ಒಂದು ಹೋಳು ಬೇಯಿಸಿ ಬಾಯಿಗಿಟ್ಟು, “ಆತು, ಕಹಿ ಬಿಟ್ಟೈತಿ” ಎನ್ನುವುದು ತುಳಸವ್ವ. ಅವಳು ಅನ್ನುವ ತನಕ ಬುಟ್ಟಿ ಮನೆ ಬಿಡುತ್ತಿರಲಿಲ್ಲ. ಇಬ್ಬರ ಕೂದಲೂ ಹೀಗೇ ಬೆಳ್ಳಗಾದವು.

ಈ ಸಲ ತುಳಸವ್ವ ಮಗಳ ಬಾಣಂತನಕ್ಕೆಂದು ಸಲಗರೆಗೆ ಹೋಗಿದ್ದಳು. ಪರ್ವಕ್ಕೆ ಮೊದಲು ಕಮಲಾಬಾಯಿ ವಾಸನೆ ನೋಡಿ, ನೀರಿನ ಬಣ್ಣ ನೋಡಿ, ಆಗಿರಬಹುದು ಎಂದುಕೊಂಡು ಕಳಲೆ ಕಳಿಸಿಬಿಟ್ಟರು. ಸಾಂಗಲಿಯ ದಾನೇಶ್ವರಿಯ ಖಾನಾವಳಿಯಲ್ಲಿ ಅಂದು ಪಲ್ಯವೆಲ್ಲ ತಾಟಿನಲ್ಲೇ ಉಳಿಯಿತು. ಇನ್ನೊಮ್ಮೆ ಕಹಿ ಬಂದರೆ ನಿಮ್ಮ ಕಳಲೆಯೇ ಬೇಡ ಎಂದು ದಾನೇಶ್ವರಿ ಫೋನಿನಲ್ಲಿ ಹೇಳಿದ್ದಳು. ಕಳಲೆ ಕೊಳ್ಳುವವಳು ಅವಳೊಬ್ಬಳೇ. ಇವತ್ತು ಅವಳು ಬರುವವಳಿದ್ದಳು.

ಮನೆಗೆ ಬಂದು ಕಳಲೆಯ ಸಿಪ್ಪೆ ಬಿಡಿಸುವಾಗ ಅದರ ಸಣ್ಣ ಕೂದಲು ಹತ್ತಿ ಅನುಜಾಳ ಕೈಯೆಲ್ಲ ತುರಿಸತೊಡಗಿತು. ತುರಿಸಿಕೊಳ್ಳುತ್ತಲೇ, “ಋತುಜಾ ತಿಂದು ಹೇಳಬಹುದಲ್ರಿ?” ಎಂದಳು.

“ಅಗ, ನಾನೂ ಜೈನ ಆಹೇ ನಾ,” ಎಂದಳು ಋತುಜಾ ಅರ್ಧ ಮರಾಠಿಯಲ್ಲಿ, ಗಂಭೀರವಾಗಿ.

“ಕಾಲೇಜ ಕ್ಯಾಂಟೀನದಾಗ ಆಲೂಗಡ್ಡಿ ಹಾಕಿದ ಬಟಾಟಾವಡಾ ತಿನ್ನುಮುಂದ ಯಾರ ಆಗಿರತೀ?” ಎಂದರು ಅಜ್ಜಿ, ತಲೆ ಎತ್ತದೆ. “ಹೊರಗ ತಿಂದದ್ದು ನಿನ್ನ ಲೆಕ್ಕ. ನನ್ನ ಕೈಯಿಂದ ನಾ ತಿನಸೂದಿಲ್ಲ.”

ಋತುಜಾಳ ಮುಖ ಕೆಂಪಾಯಿತು. ಅನುಜಾ ನಗು ತಡೆಯಲಾರದೆ, “ಹಂಗಾರ ನಾ ತಿಂತೇನ್ರಿ. ನನಗ ಯಾವ ನೇಮಾನೂ ಇಲ್ಲ,” ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಸ್ಕೂಟಿ ನಿಂತಿತು. ಪರ್ವ ಮುಗಿದ ಮರುದಿನ ಕೊಯ್ದು ನೆನೆಹಾಕಿದ್ದ ಕಳಲೆಯಲ್ಲಿ ಒಂದು ಹೋಳು ಉಪ್ಪುನೀರಿನಲ್ಲಿ ಬೇಯುತ್ತಿತ್ತು. ದಾನೇಶ್ವರಿ ಒಳಗೆ ಬಂದು ಹೊಸ್ತಿಲ ಬಳಿಯೇ ಕೈಕಟ್ಟಿ ನಿಂತಳು. ಕಮಲಾಬಾಯಿ ಹೋಳನ್ನು ತಟ್ಟೆಗೆ ತೆಗೆದು ಅನುಜಾಳ ಮುಂದೆ ಇಟ್ಟರು.

ಅನುಜಾ ಕಚ್ಚಿದಳು. ಕರುಂ ಎಂದಿತು. ಆಹಾ, ಎಳೆಜೋಳದ ಹಾಗೆ, ಮಳೆಯಲ್ಲಿ ನೆಂದ ಮಣ್ಣಿನ ವಾಸನೆಯ ಹಾಗೆ, ಏನೋ ತಂಪು ರುಚಿ. ಚಲೋ ಐತ್ರಿ ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ನಾಲಿಗೆಯ ಹಿಂಬದಿಯಿಂದ ಎಳೆಯಷ್ಟು ಕಹಿ ಮೆಲ್ಲಗೆ ಎದ್ದು ಬಂತು. ಅಜ್ಜಿಯ ಮುಖ ನೋಡಿದಳು. ದಾನೇಶ್ವರಿಯ ಮುಖ ನೋಡಿದಳು. ಚಲೋ ಐತಿ ಅಂದುಬಿಟ್ಟರೆ ಈಗಿನ ಮಟ್ಟಿಗೆ ಎಲ್ಲರಿಗೂ ಸುಖ, ನಾಳೆ ಖಾನಾವಳಿಯಲ್ಲಿ ಮಾತ್ರ ಮತ್ತದೇ ಕತೆ.

“ಕಹಿ ಐತ್ರಿ,” ಎಂದಳು. “ಮುಂದ ಇಲ್ಲ, ಹಿಂದಿಂದ ಬರತೈತಿ.”

“ನೋಡ್ರಿ ಮತ್ತ,” ದಾನೇಶ್ವರಿ ಗಾಡಿಯ ಕೀಲಿಗೆ ಕೈ ಹಾಕಿದಳು.

“ಕುಂದರ ದಾನೇಶ್ವರಿ,” ಎಂದರು ಕಮಲಾಬಾಯಿ. “ತುಳಸವ್ವನೂ ಹಿಂಗ ಅಂತಿದ್ಳು, ಹಿಂದಿಂದ ಬರತೈತಿ ಅಂತ. ಹಂಗಂದ್ರ ಇನ್ನೊಂದ ಕುದಿ ಬೇಕು. ಚಹಾ ಕುಡಿ, ಅಷ್ಟರಾಗ ಆಗತೈತಿ.”

ಕಳಲೆಯನ್ನೆಲ್ಲ ದೊಡ್ಡ ಪಾತೇಲಿಯಲ್ಲಿ ಕುದಿಸಿ, ನೀರು ಬಸಿದು ಚೆಲ್ಲಿ, ತಣ್ಣೀರು ಹಾಕಿದರು. ಅನುಜಾ ಮತ್ತೆ ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕಾದಳು. ತಂಪು ಬಂತು, ಸಿಹಿಯಂಥದೇನೋ ಬಂತು. ಹಿಂದಿನಿಂದ ಯಾರೂ ಬರಲಿಲ್ಲ.

“ಆತ್ರಿ. ಬಿಟ್ಟೈತಿ.”

ದಾನೇಶ್ವರಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಯಾರಿಕಿ? ಖರೇ ಹೇಳತಾಳೇನ?”

“ನೀ ಬಾಗಲದಾಗ ನಿಂತಾಗ ಕಹಿ ಐತಿ ಅಂದ ಹುಡುಗಿ. ಇನ್ನ ಬ್ಯಾರೆ ಸಾಕ್ಷಿ ಬೇಕೇನ ನಿನಗ?”

ದಾನೇಶ್ವರಿ ಮೊದಲ ಸಲ ನಕ್ಕು, ಡಬ್ಬಿ ತುಂಬಿಸಿಕೊಂಡು, ಸ್ಕೂಟಿಯ ಮೇಲೆ ಕೂತು ಹೇಳಿದಳು: “ಮುಂದಿನ ಆಯಿತವಾರ ಮತ್ತ ಬರತೇನ್ರಿ. ಇಕಿ ಇದ್ರ ಒಯ್ಯಾಕಿ, ಇಲ್ಲಂದ್ರ ಇಲ್ಲ.”

ಬೆಳಿಗ್ಗೆ ಕೊಯ್ದ ಕಳಲೆಯನ್ನು ಕಮಲಾಬಾಯಿ ಆಗಲೇ ಹೊಸ ನೀರಿಗೆ ಬಿಡುತ್ತಿದ್ದರು. ಅನುಜಾ ಮುಂದಿನ ಆಯಿತವಾರದ ಬಸ್ಸಿನ ಹೊತ್ತು ಕೇಳಿಕೊಂಡಳು. ಪರ್ವದ ಬಿದಿರು ಅಷ್ಟರಲ್ಲಿ ಎಷ್ಟು ಎತ್ತರ ಆಗಿರುತ್ತದೆ, ತುಳಸವ್ವನಿಗೆ ಫೋನ್ ಮಾಡಿ ಇನ್ನೂ ಏನೇನು ಕೇಳಬಹುದು ಎಂದೂ ಕೇಳಿದಳು.

“ಬಂದ ನೋಡುವಂತಿ,” ಎಂದರು ಅಜ್ಜಿ. “ತುಂಬ ತೋಳಿನ ಅಂಗಿ ಹಾಕ್ಕೊಂಡ ಬಾ. ಮತ್ತ ಬರುಮುಂದ ದಾರ್ಯಾಗ ಭೇಳ-ಗೀಳ ತಿನಬ್ಯಾಡ. ನಾಲಿಗಿ ಖಾಲಿ ಇರಬೇಕು.”