ಹಣ್ಣಾದ ಹುಳುಗಳ ನಡುವೆ ಲೆಕ್ಕದ ಪಾಠ

ಕೇಳಿ ಗೆಳೆಯರೇ, ಇವತ್ತು ನನಗಾದ ಫಜೀತಿ. ನಿನ್ನೆ ಮುಳಬಾಗಿಲು ಕಡೆಯ ನಾನು ಪಾಠ ಹೇಳುವ ಹಳ್ಳಿ ಶಾಲೆಯ ತೊಲೆ ಮುರಿದು ಹೆಂಚು ಕುಸಿಯಿತು. ಶಾಲೆಗೆ ಬೀಗ ಬಿತ್ತು. ಏಳನೇ ತರಗತಿಯವರಿಗೆ ಪಬ್ಲಿಕ್ ಪರೀಕ್ಷೆ ಹತ್ತಿರ. ಮನೆಯಲ್ಲೇ ಪಾಠ ಮಾಡೋಣವೆಂದು ಬೆಳಗ್ಗೆ ರತ್ನಳ ಮನೆಗೆ ಹೋದೆ. ಹುಡುಗಿ ಲೆಕ್ಕದಲ್ಲಿ ಹಿಂದೆ. ಫೇಲಾದರೆ ಓದು ಬಿಡಿಸುತ್ತೇವೆಂದು ಮನೆಯವರು ಆಗಲೇ ಹೇಳಿದ್ದಾರೆ.

ಅವಳು ರೇಷ್ಮೆ ಹುಳುವಿನ ತಟ್ಟೆಗಳ ಮುಂದೆ ಕೂತಿದ್ದಳು.

"ಅಯ್ಯೋ ದೇವುಡಾ, ಈಗ ಬಂದ್ರಾ ಮೇಡಂ?" ಎಂದರು ಅವಳಮ್ಮ. "ಹುಳ ಹಣ್ಣಾಗವೆ. ಗೂಡು ಕಟ್ಟೋಕೆ ಈಗ್ಲೇ ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡ್ದಿದ್ರೆ ಬೆಳೆಯೆಲ್ಲಾ ಹಾಳು."

"ಪರೀಕ್ಷೆ ಕಾಯಲ್ಲಮ್ಮ."

"ಹುಳಾನೂ ಕಾಯಲ್ಲ. ನೀವೂ ಒಂದು ಕೈ ಹಾಕಿ. ಬಾಯಿ ಹೆಂಗೂ ಬಿಡುವಾಗಿರ್ತದೆ, ಪಾಠ ಹೇಳಿ."

ಸಿಟ್ಟು ನೆತ್ತಿಗೇರಿತು. ಆದರೂ ಸೆರಗು ಸಿಕ್ಕಿಸಿ ಹಣ್ಣಾದ ಹುಳು ಆಯಲು ಕೂತೆ. ತಣ್ಣನೆಯ ಹುಳು ಬೆರಳಿಗೆ ತಾಗಿದಾಗಲೆಲ್ಲ ನನ್ನ ಭಿನ್ನರಾಶಿ ಅರ್ಧಕ್ಕೇ ನಿಲ್ಲುತ್ತಿತ್ತು. ರತ್ನ ನಗುತ್ತಾ ತಾನೇ ಮುಗಿಸುತ್ತಿದ್ದಳು, ಅದೂ ಸರಿಯಾಗಿ!

ಹೊರಟಾಗ ಅವಳಮ್ಮ, "ನಾಳೇನೂ ಬನ್ನಿ ಮೇಡಂ, ಪಕ್ಕದ ಮನೆ ಹುಳಾನೂ ಹಣ್ಣಾಗ್ತವೆ" ಎಂದರು.

"ಹೂಂ" ಎಂದು ಬಂದಿದ್ದೇನೆ. ಕರೆದದ್ದು ಟೀಚರನ್ನೋ ಕೂಲಿಯಾಳನ್ನೋ, ಕೇಳುವ ಧೈರ್ಯವಾಗಲಿಲ್ಲ.